ಇವತ್ತು ಅಕ್ಕ ಯಾರು?

ಗೋಡೆಯ ಮೇಲೆ ಅವಳ ಮುಖವೇ ಮೂರು ಕಡೆ ನಗುತ್ತಿತ್ತು.

ಮೂರೂ ಒಂದೇ ಫೋಟೊ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುರುತಿನ ಕಾರ್ಡಿಗೆಂದು ತೆಗೆಸಿದ್ದು. ಹೆದರಿದ ಕಣ್ಣು, ಒತ್ತಿ ಬಾಚಿದ ತಲೆ, ಫೋಟೊ ತೆಗೆಯುವವನು ನಗಿ ಎಂದದ್ದಕ್ಕೆ ಬಲವಂತವಾಗಿ ಬಂದು ಕೂತ ನಗು. ಪ್ರತಿಯೊಂದರ ಕೆಳಗೂ ಚಿನ್ನದ ಬಣ್ಣದ ಅಕ್ಷರ: 'ಶ್ರೇಷ್ಠ ಉದ್ಯೋಗಿ'.

"ಇದರಲ್ಲಿ ನೀವು ಇಲ್ಲಿದ್ದಾಗ ಸಿಕ್ಕಿದ್ದು ಯಾವುದು ತಾಯಿ?" ಪಕ್ಕದಲ್ಲಿ ನಿಂತಿದ್ದ ಪತ್ತೇದಾರರು ಕೇಳಿದರು.

"ಒಂದೂ ಅಲ್ಲ ಸ್ವಾಮಿ."

"ಅಂದ್ರೆ?"

"ಇದ್ದಷ್ಟು ದಿನ ಬೈಗುಳ ಬಿಟ್ರೆ ಇನ್ನೇನೂ ಸಿಗಲಿಲ್ಲ. ಇವೆಲ್ಲ ನಾನು ಕೆಲಸ ಬಿಟ್ಟು ಹೋದ ಮೇಲಿನವು."

ಪತ್ತೇದಾರರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಅಂಚೆ ಇಲಾಖೆಯಲ್ಲಿ ದಾರಿತಪ್ಪಿದ ಪಾರ್ಸಲುಗಳ ಬೆನ್ನು ಹತ್ತಿಯೇ ತಲೆ ನರೆಸಿಕೊಂಡು, ನಿವೃತ್ತಿಯ ಮೇಲೆ ಪತ್ತೇದಾರಿಕೆಗೆ ಇಳಿದ ಮನುಷ್ಯ. ಯಾವುದೇ ಪ್ರಶ್ನೆ ಕೇಳುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು, ತುತ್ತು ಬಾಯಿಗಿಡುವ ಮೊದಲು ಮೇಲಿನವನನ್ನು ನೆನೆಯುವವರ ಹಾಗೆ. ಈಗಲೂ ಮುಚ್ಚಿದರು. ಆದರೆ ಪ್ರಶ್ನೆ ಕೇಳಲಿಲ್ಲ, ಸಣ್ಣಗೆ ನಕ್ಕರು.

ಅವಳಿಗೆ ನಗು ಬರಲಿಲ್ಲ. ಈ ಕಂಪನಿ ನೋಡಿಕೊಳ್ಳುವ ಆಸ್ಪತ್ರೆಯ ಕಂಪ್ಯೂಟರಿನೊಳಕ್ಕೆ ಕಳೆದ ವಾರ, ಮಟಮಟ ಮಧ್ಯಾಹ್ನ, ಯಾರೋ ಅವಳ ಹೆಸರಿನಿಂದಲೇ ಹೊಕ್ಕು ರೋಗಿಗಳ ವಿವರಗಳನ್ನೆಲ್ಲ ಕದ್ದೊಯ್ದಿದ್ದರು. ಬಿಟ್ಟುಹೋದವಳೇ ಸೇಡು ತೀರಿಸಿಕೊಂಡಳೆಂದು ಕಂಪನಿ ಬೆರಳು ತೋರಿಸಿತ್ತು. ಇವತ್ತು ಸಂಜೆಯೊಳಗೆ ಆಸ್ಪತ್ರೆಯವರ ದೂರು ಪೊಲೀಸರ ಮೇಜಿನ ಮೇಲಿರುತ್ತದೆ. ಹೊಸ ಕೆಲಸದವರಂತೂ ಮರ್ಯಾದೆಯ ಮಾತಿನಲ್ಲೇ ಹೇಳಿಬಿಟ್ಟಿದ್ದರು: ಹೆಸರಿಗೆ ಅಂಟಿದ್ದು ತೊಳೆದು ಹೋಗಲಿ, ಆಮೇಲೆ ಬನ್ನಿ.

ಹೆಸರು. ಅವಳ ಹೆಸರನ್ನು ಈ ಆಫೀಸಿನಲ್ಲಿ ಯಾರೂ ಕರೆದದ್ದೇ ಇಲ್ಲ. ಕಂಪನಿ ಎರಡು ಕೋಣೆಯಷ್ಟಿದ್ದಾಗ ಬಂದವಳೆಂದು ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹಿರಿಯರಿಗೂ ಅಕ್ಕನೇ. ಮಗನ ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುವಷ್ಟು ಕಾಲ ಇಲ್ಲಿ ದುಡಿದಿದ್ದಳು. ಬೆಳಿಗ್ಗೆ ಮಾಡು ಎಂದ ಕೆಲಸ ಮಧ್ಯಾಹ್ನಕ್ಕೆ ಬೇಡವಾಗುತ್ತಿತ್ತು, ಸಂಜೆಗೆ ಅದೇ ಯಾಕೆ ಆಗಿಲ್ಲ ಎಂದು ಕೂಗಾಟವಾಗುತ್ತಿತ್ತು. ಮೀಟಿಂಗ್ ಯಾವಾಗ ಇಡಬೇಕು ಎಂದು ತೀರ್ಮಾನಿಸಲು ಒಂದು ಮೀಟಿಂಗ್ ನಡೆಯುತ್ತಿತ್ತು. ಬಿಟ್ಟುಹೋದ ದಿನ ಮೆಟ್ಟಿಲಿಳಿಯುವಾಗ, ಹೊತ್ತ ಹುಲ್ಲಿನ ಹೊರೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಂತೆ ಕತ್ತು ಹಗುರಾಗಿತ್ತು. ಮತ್ತೆ ಈ ಮೆಟ್ಟಿಲು ಹತ್ತಿಸಬೇಡ ತಂದೆ ಎಂದು ಕೈಮುಗಿದಿದ್ದಳು.

ತಂದೆ ಹತ್ತಿಸಿದ್ದ.

"ಬನ್ನಿ," ಎಂದರು ಪತ್ತೇದಾರರು. "ಈ ಕಂಪನಿ ಯಜಮಾನರನ್ನ ಮಾತಾಡಿಸೋಣ."

*

ಯಜಮಾನರ ಕೋಣೆಗೆ ಮೂರು ಕಡೆ ಗಾಜು. ಎಲ್ಲರ ಮೇಲೂ ಕಣ್ಣಿಡಲು ಕಟ್ಟಿಸಿದ್ದು. ಆದರೆ ಅವರ ಕುರ್ಚಿ ಇದ್ದದ್ದು ನಾಲ್ಕನೆಯ ಕಡೆಗೆ, ಗೋಡೆಗೆ ಮುಖಮಾಡಿ. ಹಿಂದೆ ಆಫೀಸು ಹುಡುಗರು ಗುಟ್ಟಾಗಿ ಅವರಿಗಿಟ್ಟ ಹೆಸರು ನಾಳೆಯಪ್ಪ. ಯಾವುದಕ್ಕೆ ರುಜು ಕೇಳಿದರೂ 'ನಾಳೆ ನೋಡೋಣ' ಎನ್ನುತ್ತಿದ್ದ ಪುಣ್ಯಾತ್ಮ.

ಇವತ್ತು ಕುರ್ಚಿ ತಿರುಗಿಸಿಕೊಂಡು ಕೂತಿದ್ದರು. ಎದುರಿಗೆ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಮೇಡಂ. ಪತ್ತೇದಾರರನ್ನು ಈ ಕೆಲಸಕ್ಕೆ ಕರೆಸಿದವರು ಅವರೇ. ಸೌಮ್ಯ ಮುಖ, ತೂಕದ ಮಾತು, ತೊಡೆಯ ಮೇಲೆ ಕಪ್ಪು ಚೀಲ. ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದವಳು ಗುಬ್ಬಿ.

ಗುಬ್ಬಿ ಎಂಬುದೂ ಆಫೀಸಿನವರು ಇಟ್ಟ ಹೆಸರೇ. ಚಿಕ್ಕ ಆಳು, ಕೂತಲ್ಲಿ ಕೂರದ ಹುಡುಗಿ. ಅವಳಿಗೆ ಕೆಲಸ ಕಲಿಸಿದ್ದು ಅಕ್ಕ. ಇವತ್ತು ಅವಳು ತಲೆ ಎತ್ತಿ ನೋಡಲಿಲ್ಲ.

"ಗುಬ್ಬಿ, ತೋರಿಸಮ್ಮ ಇವರಿಗೆ," ಎಂದರು ಯಜಮಾನರು. ಪರದೆಯ ಮೇಲೆ ಅಕ್ಕನ ಹೆಸರು ಮೂಡಿತು. "ನೋಡಿ. ಕಳ್ಳತನ ಆದ ಹೊತ್ತಲ್ಲಿ ಒಳಗಿದ್ದಿದ್ದು ಇದೊಂದೇ ಹೆಸರು. ಇನ್ನೇನು ಬೇಕು?"

"ಎಲ್ಲಿಂದ ಒಳಗೆ ಬಂದ್ರು ಅಂತ ತೋರಿಸುತ್ತಾ?"

"ಆ ಏರ್ಪಾಡು ಇನ್ನೂ ಹಾಕಿಸಿಲ್ಲ. ಹಾಕಿಸ್ಬೇಕು ಅಂತ ಇದ್ದೀವಿ."

"ಈ ತಾಯಿ ಕೆಲಸ ಬಿಟ್ಟ ಮೇಲೆ ಇವರ ಹೆಸರನ್ನ ಮುಚ್ಚಲಿಲ್ವಾ?"

"ಅದೇ ದಿನ ಮುಚ್ಚಿಸಿದ್ದೀವಿ," ಯಜಮಾನರು ಎದೆ ಮುಂದೆ ಮಾಡಿದರು. "ನಮ್ಮಲ್ಲಿ ಶಿಸ್ತು ಅಂದ್ರೆ ಶಿಸ್ತು. ಬೀಗ ಹಾಕಿದ ಮನೆಗೆ ಇವರು ಹಿತ್ತಲ ಬಾಗಿಲಿಂದ ನುಗ್ಗಿದ್ದಾರೆ. ಮನೆ ಕಟ್ಟಿದವರಿಗೆ ಹಿತ್ತಲು ಗೊತ್ತಿರಲ್ವಾ?"

ಬಿಡುವ ದಿನ ಅಕ್ಕನೇ ನಿಂತು ಕೇಳಿದ್ದಳು: ಸರ್, ನನ್ನ ಹೆಸರು ತೆಗೆಸಿಬಿಡಿ. ನಾಳೆ ತೆಗೆಸೋಣಮ್ಮ ಎಂದಿದ್ದರು. ಈಗ ಅದನ್ನು ಹೇಳಿದರೆ ನಂಬುವವರು ಯಾರು?

ಪತ್ತೇದಾರರು ಕಣ್ಣು ಮುಚ್ಚಿ ತೆರೆದರು. "ಹೊರಗಡೆ ಗೋಡೆ ಮೇಲೆ ಚೆಂದದ ಫೋಟೊಗಳಿವೆ. ಶ್ರೇಷ್ಠ ಉದ್ಯೋಗಿ ಯಾರು ಅಂತ ಆರಿಸೋದು ಯಾರು?"

ಮಾತು ಬೇರೆ ಕಡೆ ಹೊರಳಿತೆಂದು ಯಜಮಾನರಿಗೆ ಖುಷಿಯಾಯಿತು. "ಕಂಪ್ಯೂಟರೇ ಆರಿಸುತ್ತೆ. ಪಕ್ಷಪಾತ ಬರಬಾರದು ನೋಡಿ."

"ಯಾವ ಲೆಕ್ಕದ ಮೇಲೆ?"

"ಯಾರು ಜಾಸ್ತಿ ಹೊತ್ತು ಕೆಲಸ ಮಾಡಿರ್ತಾರೋ, ಯಾರ ಹೆಸರಲ್ಲಿ ಜಾಸ್ತಿ ಕೆಲಸ ಮುಗಿದಿರುತ್ತೋ, ಅವರು."

"ಹಾಗಾದ್ರೆ, ನೀವು ಬೀಗ ಹಾಕಿದ ಮನೆಯೊಳಗೆ ಈ ತಾಯಿ ಹಗಲೆಲ್ಲ ಕೂತು ದುಡಿದಿದ್ದಾರೆ. ಇಲ್ಲಿ ಇರೋರಿಗಿಂತ ಜಾಸ್ತಿ ದುಡಿದಿದ್ದಾರೆ. ನೀವು ಚಪ್ಪಾಳೆ ತಟ್ಟಿ ಬಹುಮಾನ ಕೊಟ್ಟಿದ್ದೀರಿ."

ಮೇಡಂ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೆಮ್ಮಿದರು.

"ಅದು..." ಯಜಮಾನರು ನೀರಿನ ಲೋಟ ಹುಡುಕಿದರು. "ಅದು ಸಣ್ಣ ತಪ್ಪು. ಯಾರೋ ಹೇಳಿದ್ರು ಕೂಡ. ಫೋಟೊ ಇಳಿಸ್ಬೇಕು ಅಂತಲೇ ಇದ್ವಿ."

"ಯಾವಾಗ?"

ಬರಬಾರದೆಂದು ತಡೆದರೂ ಆ ಮಾತು ಯಜಮಾನರ ಬಾಯಿಂದ ಜಾರಿಯೇಬಿಟ್ಟಿತು. "ನಾಳೆ."

ಅಷ್ಟರಲ್ಲಿ ಗಾಜಿನಾಚೆ ಯಾರೋ ದೊಡ್ಡ ದನಿಯಲ್ಲಿ ಕೇಳಿದ್ದು ಕೋಣೆಯಲ್ಲಿದ್ದ ಎಲ್ಲರ ಕಿವಿಗೂ ಬಿತ್ತು.

"ಇವತ್ತು ಅಕ್ಕ ಯಾರ್ರೋ?"

"ನಾನೇ ಕಣೋ. ಮೈಮೇಲೆ ಸ್ವೆಟರ್ ಕಾಣಲ್ವಾ ನಿಂಗೆ?"

"ಬೇಗ ಮುಗಿಸಪ್ಪಾ. ನಾನೂ ಸ್ವಲ್ಪ ಹೊತ್ತು ಅಕ್ಕ ಆಗ್ಬೇಕು."

ಪತ್ತೇದಾರರು ಎದ್ದು ಬಾಗಿಲು ತೆರೆದರು. "ಅಕ್ಕ ಆಗಿರೋರು ದಯವಿಟ್ಟು ಒಳಗೆ ಬರ್ತೀರಾ?"

ಬಂದವನು ಎದೆಯವರೆಗೆ ಗಡ್ಡ ಬಿಟ್ಟ ಎತ್ತರದ ಯುವಕ. ಅವನ ಹೆಗಲ ಮೇಲೆ ಹೆಂಗಸರ ಆಕಾಶನೀಲಿ ಸ್ವೆಟರ್, ತೋಳುಗಳನ್ನು ಎದೆಯ ಮೇಲೆ ಗಂಟುಹಾಕಿಕೊಂಡಿದ್ದ. ಅಕ್ಕನಿಗೆ ತಕ್ಷಣ ಗುರುತು ಸಿಕ್ಕಿತು. ಎಸಿಯ ಥಂಡಿ ತಡೆಯಲೆಂದು ಅತ್ತೆ ಹೆಣೆದುಕೊಟ್ಟದ್ದು, ಬಿಡುವ ದಿನ ಗಡಿಬಿಡಿಯಲ್ಲಿ ಕುರ್ಚಿಯ ಬೆನ್ನಿಗೇ ಬಿಟ್ಟುಹೋದದ್ದು.

"ನೀವು ಯಾರಪ್ಪಾ?"

"ಇವತ್ತಾ ಸರ್?" ಎಂದ ಗಡ್ಡದವನು. ಆಮೇಲೆ ಕಣ್ಣು ನಿಜವಾದ ಅಕ್ಕನ ಮೇಲೆ ಬಿತ್ತು. ಮುಖ ಬಿಳಿಚಿತು. "ಅಯ್ಯೋ, ಅಕ್ಕಾ. ಒಗೆದು ಕೊಡ್ತೀನಿ ಅಕ್ಕಾ."

"ಸ್ವೆಟರ್ ವಿಷಯ ಆಮೇಲೆ," ಎಂದರು ಪತ್ತೇದಾರರು. "ಅಕ್ಕ ಆಗೋದು ಅಂದ್ರೆ ಏನು, ಅದನ್ನ ಹೇಳಿ."

ಗಡ್ಡದವನು ಯಜಮಾನರ ಮುಖ ನೋಡಿದ. ಅವರು ಮುಖ ತಿರುಗಿಸಿ ಗೋಡೆ ನೋಡಿದರು. ಇನ್ನು ಮುಚ್ಚಿಟ್ಟು ಸುಖವಿಲ್ಲ ಎಂದುಕೊಂಡನೋ ಏನೋ, ಒಂದೇ ಉಸಿರಿಗೆ ಬಿಚ್ಚಿಟ್ಟ.

"ಆಸ್ಪತ್ರೆ ಕಂಪ್ಯೂಟರ್ ಒಳಗೆ ಕೈಹಾಕೋ ಅಧಿಕಾರ ಇದ್ದಿದ್ದು ಅಕ್ಕನಿಗೆ ಒಬ್ಬರಿಗೇ ಸರ್. ನಮಗೂ ಕೊಡಿ ಅಂತ ಕೇಳಿದ್ವಿ. ಸರ್ ರುಜು ಹಾಕ್ಬೇಕಿತ್ತು. ಅದು ಆಗ್ಲಿಲ್ಲ. ಅಕ್ಕ ಹೋದ್ರು. ಆಸ್ಪತ್ರೆಯವರ ಫೋನ್ ನಿಲ್ಲುತ್ತಾ? ಅಕ್ಕನ ಹೆಸರು, ಅಕ್ಕನ ಪಾಸ್‌ವರ್ಡಲ್ಲೇ ಎಲ್ಲರೂ ಒಳಗೆ ಹೋಗೋದು. ಇಬ್ರು ಒಟ್ಟಿಗೆ ಹೋದ್ರೆ ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸಿಬಿಡ್ತೀವಿ. ಅದಕ್ಕೆ ಸ್ವೆಟರ್. ಹೊದ್ಕೊಂಡೋರು ಅಕ್ಕ. ಅವರು ತೆಗೆದಿಡೋ ತನಕ ಇನ್ಯಾರೂ ಮುಟ್ಟಲ್ಲ."

"ಎಲ್ಲರಿಗೂ ಪಾಸ್‌ವರ್ಡ್ ಗೊತ್ತು?"

"ಎಲ್ಲರಿಗೂ ಸರ್. ಸೇರಿದ ದಿನ ಮೊದಲು ಹೇಳ್ಕೊಡೋದೇ ಅದನ್ನ. ಆಮೇಲೆ ಟಾಯ್ಲೆಟ್ ಎಲ್ಲಿದೆ ಅಂತ ತೋರಿಸ್ತೀವಿ."

ಈ ಸಲ ಮೇಡಂ ಕರವಸ್ತ್ರ ಹುಡುಕುವ ಮೊದಲೇ ನಕ್ಕುಬಿಟ್ಟರು. ನಕ್ಕು ಮುಗಿಸಿ ಅಕ್ಕನ ಕಡೆ ತಿರುಗಿದರು. "ಕ್ಷಮಿಸಿಮ್ಮ. ಇಡೀ ಆಫೀಸಿಗೆ ಗೊತ್ತಿರೋ ಕೀಲಿ ಹಿಡ್ಕೊಂಡು ನಿಮ್ಮೊಬ್ಬರ ಮೇಲೆ ದೂರು ಕೊಡೋದು ನ್ಯಾಯ ಅಲ್ಲ. ನಿಮ್ಮ ಹೆಸರು ತೆಗೀತೀನಿ."

*

ಅಕ್ಕ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತಳು. ಬಹಳ ಹೊತ್ತು ಹಿಡಿದಿದ್ದ ತುಂಬಿದ ಬಕೆಟನ್ನು ಕೆಳಗಿಟ್ಟಂತಿತ್ತು. ಕೆಳಗೆ ರಸ್ತೆಯಲ್ಲಿ ಹಣ್ಣಿನ ಗಾಡಿಯವನು ಹಣ್ಣುಗಳ ಮೇಲೆ ನೀರು ಚಿಮುಕಿಸುತ್ತಿದ್ದ. ನಿನ್ನೆಯೂ ಅವನು ಅಲ್ಲೇ ಇದ್ದಿರಬೇಕು. ಇವತ್ತು ಮಾತ್ರ ಅವನು ಚಿಮುಕಿಸಿದ ಹನಿಯೊಂದು ಸೇಬಿನ ಮೇಲೆ ನಿಂತು ಹೊಳೆಯುವುದೂ ಕಾಣುವಂತಿತ್ತು.

ಮನೆಗೆ ಫೋನ್ ಮಾಡಿದಳು. ಎತ್ತಿದವರು ಅತ್ತೆ.

"ಏನಾಯ್ತೇ?"

"ಹೆಸರು ತೆಗೆದ್ರು ಅತ್ತೆ. ನಾನಲ್ಲ ಅಂತ ಗೊತ್ತಾಯ್ತು."

ಆ ಕಡೆ ಮೂಗು ಸೇದಿದ ಸದ್ದು. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರೇನೋ. ಆಮೇಲೆ ಗಟ್ಟಿ ದನಿ: "ನಂಗೆ ಮೊದಲೇ ಗೊತ್ತಿತ್ತು ಬಿಡು. ಉಂಡ್ಯಾ?"

"ಇಲ್ಲ ಅತ್ತೆ. ನೀವು ಹೆಣೆದ ಸ್ವೆಟರ್ ಸಿಕ್ತು. ಗಡ್ಡದ ಹುಡುಗನೊಬ್ಬ ಹೊದ್ಕೊಂಡಿದ್ದ."

"ಅವನಿಗೆ ಸರಿಹೋಗುತ್ತಾ?"

"ಹೆಗಲ ಹತ್ರ ಬಿಗಿ."

"ಇನ್ನೊಂದು ಹೆಣೆದುಕೊಡೋಣ ಪಾಪ. ಅದನ್ನ ನೀನು ತಗೊಂಡು ಬಾ."

ಅಕ್ಕ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿತು. ಹೊಸ ಕೆಲಸದವರಿಗೂ ಒಂದು ಮಾತು ತಿಳಿಸಿದಳು. ಒಳ್ಳೇದಾಯ್ತು, ಸೋಮವಾರ ಬಂದುಬಿಡಿ ಎಂದರು. ನಾಳೆ ಎನ್ನಲಿಲ್ಲ ಎಂಬುದೇ ಒಂದು ದೊಡ್ಡ ವರದಂತೆ ಕಂಡಿತು. ಕಣ್ಣು ಮುಚ್ಚಿ, ಎದೆಯೊಳಗೇ ಕೈಮುಗಿದಳು. ನೀನಿದ್ದೀಯ ತಂದೆ.

ಕೊಟ್ಟದ್ದನ್ನು ಕೈಯಲ್ಲಿ ಭದ್ರವಾಗಿ ಹಿಡಿದುಕೊಳ್ಳುವಷ್ಟರಲ್ಲೇ ಅದರ ಬೆಲೆ ಕೇಳುವ ಗಳಿಗೆಯೂ ಬರುತ್ತದೆಂದು ಅವಳಿಗೆ ಆಗ ತಿಳಿದಿರಲಿಲ್ಲ.

*

ಒಳಗೆ ಹೋದಾಗ ಪತ್ತೇದಾರರು ಗಡ್ಡದವನನ್ನು ಕೇಳುತ್ತಿದ್ದರು. "ಕಳ್ಳತನ ಆದ ಆ ಮಧ್ಯಾಹ್ನ ಸ್ವೆಟರ್ ಯಾರ ಹತ್ರ ಇತ್ತು?"

"ನೆನಪಿಲ್ಲ ಸರ್. ಊಟದ ಹೊತ್ತು. ಕುರ್ಚಿ ಮೇಲೆ ಬಿದ್ದಿತ್ತು ಅನ್ಸುತ್ತೆ."

"ಅಂದ್ರೆ ಸ್ವೆಟರ್ ಹೊದೆಯದೆ ಯಾರೋ ಅಕ್ಕ ಆಗಿದ್ದಾರೆ."

"ಯಾರು ಆಗಿದ್ರೋ ಅವರೇ ಒಪ್ಕೊಂಡ್ರೆ ವಾಸಿ," ಎಂದರು ಮೇಡಂ, ಮೃದುವಾಗಿ. ಯಾರ ಮುಖವನ್ನೂ ನೋಡಲಿಲ್ಲ, ಚೀಲದ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದರು. "ತಾವಾಗೇ ಹೇಳಿದೋರಿಗೆ ಶಿಕ್ಷೆ ಕಮ್ಮಿ ಆಗೋ ಹಾಗೆ ನಾನು ನೋಡ್ಕೋತೀನಿ. ಅವರ ಮನೆಯವರ ತನಕ ವಿಷಯ ಹೋಗೋದು ಬೇಡ."

ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

ಗುಬ್ಬಿ ಎದ್ದು ನಿಂತಿದ್ದಳು. "ನಾನು," ಎಂದಳು. "ಆ ಮಧ್ಯಾಹ್ನ ಅಕ್ಕ ಆಗಿದ್ದು ನಾನು. ಇಲ್ಲೇ ಕೂತು, ನಾನೇ ತೆಗೆದಿದ್ದು."

ಪಾಠ ಒಪ್ಪಿಸುವ ಮಕ್ಕಳ ದನಿ. ಯಜಮಾನರು ಉಸಿರು ಬಿಟ್ಟು ಕುರ್ಚಿಗೊರಗಿದರು. ಅಂತೂ ಯಾರೋ ಒಬ್ಬರು ಸಿಕ್ಕಿದ್ದರು, ಇನ್ನು ನಾಳೆಯ ಕೆಲಸ ನಾಳೆಗೆ.

ಅಕ್ಕ ಮಾತ್ರ ನಿಂತಲ್ಲೇ ಕಲ್ಲಾದಳು. ಗುಬ್ಬಿ ಹೇಳಿದ್ದು ಸುಳ್ಳು. ಅದು ಸುಳ್ಳೆಂದು ಅವಳಿಗೆ ತನ್ನ ಅಂಗೈ ಗೆರೆಯಷ್ಟೇ ಸ್ಪಷ್ಟವಾಗಿ ಗೊತ್ತಿತ್ತು.

ಆ ಮಧ್ಯಾಹ್ನ ಗುಬ್ಬಿ ಈ ಆಫೀಸಿನಲ್ಲಿ ಇರಲೇ ಇಲ್ಲ. ಅಕ್ಕನ ಮನೆಯ ತಾರಸಿಯ ಮೇಲಿದ್ದಳು. ಅತ್ತೆ ಮೇಡಂ ಅವರ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿದ್ದರು, ಅಕ್ಕ ಬಟ್ಟೆ ಒಗೆಯುತ್ತಿದ್ದಳು. ಹೇಳದೆ ಕೇಳದೆ ಬಂದ ಹುಡುಗಿ, ನೀನು ಹೋಗ್ತಿರೋ ಕಡೆ ನನಗೂ ಒಂದು ಕೆಲಸ ನೋಡು ಅಕ್ಕ ಎಂದು ಅತ್ತಿದ್ದಳು. ಒದ್ದೆ ಬೆಡ್‌ಶೀಟಿನ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಹಿಂಡುತ್ತಾ ಹಿಂಡುತ್ತಾ ಇಬ್ಬರ ಪಾದವೂ ನೆನೆದಿತ್ತು. ಅವಳು ಕಂಪ್ಯೂಟರ್ ಇರಲಿ, ಫೋನನ್ನೂ ಮುಟ್ಟಿರಲಿಲ್ಲ. ಬಂದದ್ದು ಯಾರಿಗೂ ಹೇಳಬೇಡ, ಸರ್‌ಗೆ ಗೊತ್ತಾದ್ರೆ ಕೆಲಸ ಬಿಡೋಕೇ ಬಿಡಲ್ಲ ಎಂದು ಭಾಷೆ ತೆಗೆದುಕೊಂಡಿದ್ದಳು. ಎಲ್ಲಿದ್ದಿರಿ ಎಂದು ಪತ್ತೇದಾರರು ಕೇಳಿದಾಗ ಅಕ್ಕ ಮನೆಯಲ್ಲಿ ಎಂದಷ್ಟೇ ಹೇಳಿದ್ದಳು. ಜೊತೆಗೆ ಯಾರಿದ್ದರೆಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಈಗ ಗುಬ್ಬಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣು ಬೇಡುತ್ತಿತ್ತು: ಸುಮ್ಮನಿರು.

ಸುಮ್ಮನಿದ್ದರೆ ಎಲ್ಲ ಸುಸೂತ್ರ. ಸೋಮವಾರ ಹೊಸ ಕೆಲಸ. ಬಾಯಿಬಿಟ್ಟರೆ ಏನಾಗುತ್ತದೆಂದೂ ಗೊತ್ತು. ಒಳಗೆ ಹೋದವರು ಎಲ್ಲಿಂದ ಹೋದರೆಂದು ತೋರಿಸುವ ಏರ್ಪಾಡು ಇಲ್ಲ. ಪಾಸ್‌ವರ್ಡ್ ಬಲ್ಲ ಇಬ್ಬರು, ಅದೇ ಹೊತ್ತಲ್ಲಿ, ಒಂದೇ ಮನೆಯಲ್ಲಿ, ಯಾರಿಗೂ ಹೇಳದೆ. ಈಗಷ್ಟೇ ತೊಳೆದ ಹೆಸರು ಮತ್ತೆ ಕೆಸರಿಗೆ.

ಕಣ್ಣು ಮುಚ್ಚಿದಳು. ಪ್ರಾರ್ಥನೆಗೆ ಮಾತು ಸಿಗಲಿಲ್ಲ. ಸಿಕ್ಕಿದ್ದು ಒದ್ದೆ ಬೆಡ್‌ಶೀಟಿನ ಆ ತುದಿಯನ್ನು ಬಿಗಿಯಾಗಿ ಹಿಡಿದ ಸಣ್ಣ ಕೈ ಮಾತ್ರ.

"ಸ್ವಾಮಿ," ಎಂದಳು. "ಈ ಹುಡುಗಿ ಸುಳ್ಳು ಹೇಳ್ತಿದ್ದಾಳೆ. ಆ ಹೊತ್ತಲ್ಲಿ ಇವಳು ಇಲ್ಲಿರಲಿಲ್ಲ. ಅತ್ತೆ ಇವರ ಆಸ್ಪತ್ರೆಗೆ ಹೋಗಿದ್ರು, ಇವಳು ನನ್ನ ಜೊತೆ ಮನೇಲಿದ್ಲು."

"ಅಕ್ಕಾ, ಬೇಡ," ಎಂದಳು ಗುಬ್ಬಿ.

"ಸುಮ್ನಿರೇ. ನಿನ್ನ ತಲೆ ಕೊಟ್ಟು ನನ್ನ ಹೆಸರು ಉಳಿಸ್ಕೋಬೇಕಾ ನಾನು?"

ಯಜಮಾನರು ಒರಗಿದ್ದ ಬೆನ್ನನ್ನು ಸೆಟೆಸಿದರು. "ಕೇಳಿದ್ರಾ? ಇಬ್ಬರೂ ಸೇರೇ ಮಾಡಿದ್ದು. ನಾನು ಆಗಲೇ ಹೇಳಲಿಲ್ವಾ?"

ಮೇಡಂ ನಿಟ್ಟುಸಿರುಬಿಟ್ಟರು. ತೊಡೆಯ ಮೇಲಿದ್ದ ಚೀಲದ ಬಾಯಿ ತೆರೆದು ದೂರಿನ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು. "ನನಗೂ ಬೇಜಾರೇ ಅಮ್ಮ. ಆದ್ರೆ ಒಟ್ಟಿಗಿದ್ವಿ ಅಂತ ನೀವೇ ಒಪ್ಕೊಂಡ ಮೇಲೆ ನಿಮ್ಮ ಹೆಸರು ಹಾಕದೆ ಇರೋಕಾಗಲ್ಲ." ಪೆನ್ನು ಕಾಗದದ ಮೇಲೆ ಓಡತೊಡಗಿತು.

ವಿಚಿತ್ರವೆಂದರೆ ಅಕ್ಕನಿಗೆ ಹೆದರಿಕೆಯಾಗಲಿಲ್ಲ. ಕಿಟಕಿಯ ಬಳಿ ನಿಂತಾಗ ಇಳಿದ ಭಾರ ಇಳಿದೇ ಇತ್ತು. ಹೆಸರು ಹೋದರೂ ಅದು ಮರಳಿ ಹೆಗಲೇರಲಿಲ್ಲ. ಹೋಗಿ ಗುಬ್ಬಿಯ ಪಕ್ಕದಲ್ಲಿ ನಿಂತು, ಅವಳ ಕೈ ಹಿಡಿದುಕೊಂಡಳು. ಕೈ ಮಂಜಿನಂತೆ ತಣ್ಣಗಿತ್ತು.

ಪತ್ತೇದಾರರು ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತು ಮುಚ್ಚಿಯೇ ಇದ್ದರು.

"ಮಗಳೇ," ಎಂದರು ಕಡೆಗೆ, ಗುಬ್ಬಿಗೆ ಮಾತ್ರ ಕೇಳಿಸಬೇಕೆಂಬಷ್ಟು ಮೆಲ್ಲಗೆ. "ಮಾಡದ ತಪ್ಪನ್ನ ಯಾಕೆ ಒಪ್ಕೊಂಡೆ ಅಂತ ನಾನು ಕೇಳಲ್ಲ. ಇಷ್ಟು ಹೇಳು. ಅಕ್ಕ ಒಬ್ಬಳೇ ಇರ್ತಾಳೆ, ಇವತ್ತೇ ಹೋಗು, ಮಧ್ಯಾಹ್ನವೇ ಹೋಗು ಅಂತ ನಿನ್ನನ್ನ ಆ ಮನೆಗೆ ಕಳಿಸಿದ್ದು ಯಾರು?"

ಅಕ್ಕನ ಕೈಯೊಳಗಿನ ಬೆರಳುಗಳು ಬಿಗಿಯಾದವು.

ಗುಬ್ಬಿ ನಿಧಾನವಾಗಿ ತಲೆಯೆತ್ತಿದಳು. ಅವಳ ನೋಟ ಗಡ್ಡದವನನ್ನು ದಾಟಿತು, ಯಜಮಾನರನ್ನು ದಾಟಿತು, ಮೇಜಿನ ಆಚೆಗೆ ಬರೆಯುತ್ತಿದ್ದ ಕೈಯ ಮೇಲೆ ಹೋಗಿ ನಿಂತಿತು.

ಪೆನ್ನು ಓಡುವುದನ್ನು ನಿಲ್ಲಿಸಿತು.